ಗುತ್ಯಮ್ಮನ ಸಾಗರದ ಬಸ್ಸು

ಗುತ್ಯಮ್ಮನ ತಲೆಗೆ ಹೊಯ್ಯಬೇಕಿದ್ದ ಬಿಸಿನೀರಿನ ಚೊಂಬು ಹಿಡಿದುಕೊಂಡೇ ಸೊಸೆ ಶರಾವತಿ ಅಳುತ್ತಿದ್ದಳು. ಪಕ್ಕದ ಮನೆಯ ಬಂಗಾರಮ್ಮ ಅದನ್ನು ಕಸಿದುಕೊಂಡು ತಾನೇ ಹೊಯ್ದಳು.

"ಅತ್ತಿದ್ದು ಸಾಕು ಮಾರಾಯ್ತಿ. ಹತ್ತು ಗಂಟೆ ಬಸ್ಸಿಗೆ ಹೊರಡು."

"ಇವತ್ತಾ?"

"ಮತ್ಯಾವತ್ತು? ಸಾಗರದ ಡಾಕ್ಟ್ರಮ್ಮಂಗೆ ವರ್ಗ ಆಗಿದೆ, ಇವತ್ತೇ ಕಡೆ. ನಿನ್ನೆ ಉಸಿರು ಹೋಗೋ ತಂಕ ಇವ್ಳ ಬಾಯಲ್ಲಿ ಅದೇ ಮಾತು."

ಶರಾವತಿಯ ಗರ್ಭಕೋಶದ ಬಾಯಲ್ಲೊಂದು ಕೆಟ್ಟ ಗಾಯವಿತ್ತು. ಇನ್ನೂ ಕ್ಯಾನ್ಸರ್ ಆಗಿಲ್ಲ, ಬಿಟ್ಟರೆ ಆದೀತು, ಈಗಲೇ ಸುಟ್ಟುಬಿಡೋಣ ಎಂದಿದ್ದರು ಡಾಕ್ಟ್ರಮ್ಮ.

ಜಗುಲಿಯಿಂದ ಮಂಜಯ್ಯ ಗುಡುಗಿದ. ಗುತ್ಯಮ್ಮನ ಗಂಡ ಭೂತಪ್ಪನಿಗೆ ಅವನು ಅಣ್ಣ.

"ಹೆಣ ಎದ್ದಿಲ್ಲ, ಸೊಸೆ ಪೇಟೆಗಾ? ಸೂತಕ ಅನ್ನೋದು ಇಲ್ವಾ ಈ ಮನೇಲಿ?"

ಎಲ್ಲರೂ ಭೂತಪ್ಪನ ಮುಖ ನೋಡಿದರು.

*

ಎಪ್ಪತ್ತೆಂಟನೇ ಇಸವಿಯಲ್ಲಿ ಇದೇ ಗಾಯ ಗುತ್ಯಮ್ಮನಿಗಾಗಿತ್ತು. ಬಿಳಿ ಹೋಗುವುದೆಲ್ಲ ಉಷ್ಣಕ್ಕೆ ಎಂದು ಊರೇ ತೀರ್ಮಾನಿಸಿದ್ದರಿಂದ, ಪಾಪ, ಅವಳು ಕುಡಿದ ಜೀರಿಗೆ ನೀರಿಗೆ ಲೆಕ್ಕವಿಲ್ಲ. ಸಾಗರದ ಆಗಿನ ಡಾಕ್ಟ್ರಮ್ಮ ಸುಡುತ್ತೇನೆ ಎಂದದ್ದೇ ತಡ, ಭೂತಪ್ಪ ಆಸ್ಪತ್ರೆಯಲ್ಲೇ ಕೂಗಾಡಿದ.

"ಉಷ್ಣಕ್ಕೆ ಯಾರಾದ್ರೂ ಬೆಂಕಿ ಇಡ್ತಾರಾ? ನಡಿಯೇ ಮನೆಗೆ!"

ಗುತ್ಯಮ್ಮ ಕದಲಲಿಲ್ಲ. ಕಾಮಾಲೆಯಾದ ಮಕ್ಕಳಿಗೆ ಬರೆ ಹಾಕುವುದರಲ್ಲಿ ಹೆಸರಾದವಳು ಅವಳು.

"ಊರ ಮಕ್ಕಳಿಗೆಲ್ಲ ಬರೆ ಎಳ್ದೀನಿ. ನಂಗೂ ಒಂದು ಬೀಳ್ಲಿ ಬಿಡಿ."

ಡಾಕ್ಟ್ರಮ್ಮ ನಕ್ಕರು. "ಆಯ್ತು, ನಾನು ಸುಡ್ತೀನಿ. ನೀವು ಮಕ್ಕಳನ್ನ ಸುಡೋದು ಬಿಡ್ಬೇಕು."

ಬಿಸಿ ಕಡ್ಡಿ ಮುಟ್ಟಿಸಿ ಮುಗಿಸಲು ಒಂದು ಎಲೆಯಡಿಕೆ ಕವಳ ಹಾಕುವಷ್ಟು ಹೊತ್ತೂ ಹಿಡಿಯಲಿಲ್ಲ. ಸಂಜೆ ಮನೆಗೆ ಬಂದವಳೇ ದನಕ್ಕೆ ಹುಲ್ಲು ಹಾಕಿದಳು. ಬರೆಯ ಕಬ್ಬಿಣ ಕೆರೆ ಸೇರಿತು. ಕೆಲವು ತಿಂಗಳ ಮೇಲೆ ಡಾಕ್ಟ್ರಮ್ಮ ಪರೀಕ್ಷಿಸಿ, ಗಾಯ ಮಾಯವಾಗಿದೆ ಎಂದರು. ಆಮೇಲೆ ಕೇಳಬೇಕೆ? ನೋವು ಮುಚ್ಚಿಟ್ಟುಕೊಂಡ ಹೆಂಗಸರನ್ನು ಹುಡುಕಿ ಎಳೆತಂದು, ರಸ್ತೆಗೆ ಅಡ್ಡ ನಿಂತು ಕೈ ಚಾಚಿ, ಸಾಗರದ ಬಸ್ಸು ಹತ್ತಿಸುವುದೇ ಅವಳ ಕೆಲಸವಾಯಿತು.

*

"ಅಣ್ಣಯ್ಯ," ಭೂತಪ್ಪ ಕಡೆಗೂ ಬಾಯಿಬಿಟ್ಟ, "ಅವತ್ತು ನನ್ ಮಾತು ಕೇಳಿದ್ರೆ ಇವ್ಳು ಯಾವತ್ತೋ ಹೋಗಿರೋಳು. ಹೆಂಗಸ್ರು ಹೆಂಗೂ ಸುಡುಗಾಡಿಗೆ ಬರೋದಿಲ್ಲ. ಬಸ್ಸು ಹತ್ಲಿ."

"ಸೂತಕ?"

"ನಂಗಿರ್ಲಿ ಅದು."

ಶರಾವತಿ ಬೆಂಕಿಯ ಮಡಕೆ ಹಿಡಿದು ನಿಂತ ಗಂಡನನ್ನು ನೋಡಿದಳು. ಅವನು ತಲೆಯಾಡಿಸಿದ. ಅವಳು ಮುಖ ತೊಳೆದುಕೊಂಡಳು.

"ಹೋಗ್ತೀನಿ ಮಾವ."

"ಹೆದ್ರಬೇಡ, ಇರುವೆ ಕಚ್ಚಿದಂಗೆ ಅಷ್ಟೆ," ಎಂದಳು ಬಂಗಾರಮ್ಮ.

"ಸುಳ್ಳು ಯಾಕೆ? ಕಟ್ಟಿರುವೆ!" ಹೊಸನಗರದಿಂದ ಬಂದಿದ್ದ ಮೂಕಮ್ಮ ಸೆರಗು ಸಿಕ್ಕಿಸಿ ಎದ್ದಳು. "ನಾನೂ ಬತ್ತೀನಿ ನಡಿ." ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು ಎದ್ದರು. ಗುತ್ಯಮ್ಮ ಬಸ್ಸು ಹತ್ತಿಸಿದವರೇ ಎಲ್ಲ. ಸಾವಿನ ಮನೆಯಲ್ಲಿ ನಗಬಾರದು ಎಂಬುದು ಯಾರಿಗೂ ನೆನಪಾಗಲಿಲ್ಲ.

ಚಟ್ಟ ರಸ್ತೆಯಂಚಿಗೆ ಬರುವುದಕ್ಕೂ ಬಸ್ಸು ಬರುವುದಕ್ಕೂ ಸರಿಹೋಯಿತು. ಹೆಣ ಕಂಡ ಡ್ರೈವರ್ ರೂಢಿಯಂತೆ ಬಸ್ಸು ನಿಲ್ಲಿಸಿದ. ಹೆಂಗಸರು ಹತ್ತಿದರು. ಶರಾವತಿ ಕಿಟಕಿಯಿಂದ ಅತ್ತೆಗೆ ಕೈಮುಗಿದಳು.

"ಬೇಗ ದಾಟ್ರೋ," ಎಂದ ಮಂಜಯ್ಯ.

"ನಿಲ್ರೋ! ಬಸ್ಸು ಮೊದ್ಲು ಹೋಗ್ಲಿ," ಎಂದ ಭೂತಪ್ಪ.

ಡ್ರೈವರ್ ಹಿಂಜರಿದ. ಹೆಣಕ್ಕಿಂತ ಮುಂದೆ ಅವನು ಎಂದೂ ಬಸ್ಸು ಬಿಟ್ಟವನಲ್ಲ. ಭೂತಪ್ಪ ರಸ್ತೆಗಿಳಿದು, ಹೆಂಡತಿಯ ಹಾಗೇ ಕೈ ಚಾಚಿ, ಹೋಗು ಹೋಗು ಎಂದು ಬೀಸಿದ.

ಹೊತ್ತವರ ಹೆಗಲ ಮೇಲೆ ಗುತ್ಯಮ್ಮ ಕಾದಳು. ಬಸ್ಸು ಹಾರ್ನ್ ಹೊಡೆಯುತ್ತ ಅವಳ ಮುಂದೆಯೇ ಸಾಗರದ ಕಡೆಗೆ ಹೋಯಿತು.