ಸೂಜಿ ಬಿದ್ದರೂ ಕೇಳುತ್ತೆ

ಬೀದಿಯ ತಿರುವಿನಲ್ಲಿ ಕೂತು ಜೀವಮಾನವಿಡೀ ತಾಮ್ರದ ಪಾತ್ರೆ ಬಡಿದವನ ಕಿವಿ ಏನಾಗಿರುತ್ತದೆ, ನೀವೇ ಹೇಳಿ. ತಾಮ್ರಣ್ಣನ ಕಿವಿಯೂ ಅದೇ ಆಗಿತ್ತು. ಎದುರಿಗಿದ್ದವರ ತುಟಿ ನೋಡಿ ಮಾತು ಹಿಡಿಯುತ್ತಿದ್ದ. ತುಟಿ ಕಾಣದಿದ್ದರೆ ಸುಮ್ಮನೆ ತಲೆಯಾಡಿಸುತ್ತಿದ್ದ. ಇದು ಗೊತ್ತಿದ್ದದ್ದು ಹೆಂಡತಿಗೊಬ್ಬಳಿಗೇ. ಪಾತ್ರೆ ತಟ್ಟಿ, ನಾದ ಕೇಳಿ ಬಿರುಕು ಹೇಳಬೇಕಾದವನೇ ಕಿವುಡ ಅಂದರೆ ಗಿರಾಕಿಗಳು ಈ ಕಡೆ ತಲೆ ಹಾಕುತ್ತಾರೆಯೇ? ಅವನು ತಟ್ಟಿದ ಪಾತ್ರೆಗೆ ಅಂಗೈ ಒತ್ತಿ, ಅದರ ನಡುಕದಲ್ಲೇ ಬಿರುಕು ಪತ್ತೆ ಮಾಡುತ್ತಿದ್ದ. ಕೇಳಿಸಿದವನ ಹಾಗೆ ಮುಖ ಮಾಡುವುದನ್ನೂ ಕಲಿತಿದ್ದ.

ಒಂದು ದಿನ ಅಂಗಡಿಯ ಮುಂದೆಯೇ ವ್ಯಾನೊಂದು ತಿರುಗುವಾಗ ಮುದುಕರೊಬ್ಬರಿಗೆ ಬಡಿಯಿತು. ಅವರು ಉಳಿಯಲಿಲ್ಲ. "ಹಾರ್ನ್ ಹೊಡೆದೇ ತಿರುಗಿಸಿದ್ದು, ಅವರೇ ಅಡ್ಡ ಬಂದ್ರು" ಎಂದು ಡ್ರೈವರ್ ಗೋಳಾಡಿದ. ಪೊಲೀಸರು ಕೇಳಿದಾಗ ತಾಮ್ರಣ್ಣ, "ನನಗೆ ಹಾರ್ನ್ ಕೇಳಿಸಲಿಲ್ಲ" ಎಂದ. ಅದು ಸುಳ್ಳಲ್ಲ.

ಸುಳ್ಳು ಹುಟ್ಟಿದ್ದು ಕೋರ್ಟಿನಲ್ಲಿ. ಪ್ರಮಾಣ ಮಾಡಿ ಅದೇ ಮಾತು ಹೇಳಿ ನಿಂತವನನ್ನು ಡ್ರೈವರನ ವಕೀಲರು, "ಏನಪ್ಪಾ, ನಿನ್ನ ಕಿವಿ ನೆಟ್ಟಗಿದೆಯಾ?" ಎಂದು ಕೇಳಿದರು. ಹಿಂದಿನ ಬೆಂಚಿನಲ್ಲಿ ಅವನ ಗಿರಾಕಿಗಳೇ ಕೂತಿದ್ದರು. ಹಾಳು ಜಂಭ! "ಸೂಜಿ ಬಿದ್ರೂ ಕೇಳುತ್ತೆ ಸ್ವಾಮಿ" ಎಂದುಬಿಟ್ಟ. ಎಲ್ಲರೂ ನಕ್ಕರು, ಅವನೂ ನಕ್ಕ.

ಮನೆಗೆ ಬಂದು ನಡೆದದ್ದು ಹೇಳಿದರೆ ಹೆಂಡತಿಯ ಮುಖದಲ್ಲಿ ನಗು ಇರಲಿಲ್ಲ.

"ಅವನು ಹಾರ್ನ್ ಹೊಡೆದಿದ್ದ ಕಣ್ರೀ. ಅಂಗಡಿ ಒಳಗಿದ್ದ ನನಗೇ ಕೇಳಿಸ್ತು."

"ಅಯ್ಯೋ, ಈಗ ಹೇಳ್ತೀಯಲ್ಲೇ!"

"ಕಿವಿ ಸಂಗತಿ ಅಲ್ಲಾದ್ರೂ ಬಾಯಿ ಬಿಡ್ತೀರ ಅಂದ್ಕೊಂಡಿದ್ದೆ. ಪ್ರಮಾಣ ಮಾಡಿ ಸುಳ್ಳು ಹೇಳಿದ್ರೆ ಜೈಲಂತೆ. ಈಗ ನಾನು ನಿಜ ಹೇಳಿದ್ರೆ ನೀವು ಒಳಗೆ, ಹೇಳದಿದ್ರೆ ಅವನು ಒಳಗೆ. ನಾನೇನ್ ಮಾಡ್ಲಿ?"

ಅಂದಿನಿಂದ ಯಾರಾದರೂ ಮಾತಿನ ನಡುವೆ "ಕೇಳಿಸ್ತಾ?" ಎಂದರೆ ಸಾಕು, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದ. ಜೈಲಿನ ಹೆದರಿಕೆ ಒಂದು ಕಡೆ, ನಾಚಿಕೆ ಒಂದು ಕಡೆ. ತೀರ್ಪಿನ ದಿನ ಹತ್ತಿರ ಬರುತ್ತಿತ್ತು.

ತೀರ್ಪಿನ ಹಿಂದಿನ ದಿನ ಡ್ರೈವರನ ತಾಯಿ ಅಂಗಡಿಗೆ ಬಂದಳು. ಬೈಯುತ್ತಾಳೆ ಎಂದುಕೊಂಡ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ನನ್ನ ಮಗ ನನ್ನತ್ರ ಯಾವತ್ತೂ ಸುಳ್ಳು ಹೇಳಿದೋನಲ್ಲ ಅಣ್ಣಾ. ಈಗ ಹೇಳಿದ್ದಾನೆ ಅಂತಲೇ ತಿಳ್ಕೋಬೇಕಲ್ವಾ? ನಿಮ್ಮಂಥ ದೊಡ್ಡೋರು ಪ್ರಮಾಣ ಮಾಡಿ ಹೇಳಿದ್ಮೇಲೆ?"

ತುಟಿ ಚೆನ್ನಾಗಿ ಕಾಣುತ್ತಿತ್ತು. ಒಂದು ಮಾತೂ ತಪ್ಪಲಿಲ್ಲ. ಆದರೂ ತಾಮ್ರಣ್ಣ ಕೇಳಿಸದವನ ಹಾಗೆ ಸುತ್ತಿಗೆ ಎತ್ತಿಕೊಂಡ. ಛೇ, ಎಂಥ ಮನುಷ್ಯ!

ಮರುದಿನ ತೀರ್ಪು ಓದುವ ಮೊದಲೇ ಅವನು ಎದ್ದು ನಿಂತ. ಪಕ್ಕದಲ್ಲಿ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

"ಸ್ವಾಮಿ, ನಾನು ಸುಳ್ಳು ಹೇಳಿದೆ. ನನಗೆ ಕಿವಿ ಕೇಳಿಸಲ್ಲ. ಹಾರ್ನ್ ನನ್ನ ಹೆಂಡತಿಗೆ ಕೇಳಿಸಿತ್ತು."

ಬೆಂಚುಗಳಲ್ಲಿ ಗುಸುಗುಸು ಎದ್ದಿರಬೇಕು, ಎಲ್ಲರ ಬಾಯಿಯೂ ಅಲ್ಲಾಡುತ್ತಿತ್ತು. ನ್ಯಾಯಾಧೀಶರು ತಲೆ ತಗ್ಗಿಸಿ ಬರೆಯುತ್ತಲೇ ಏನೋ ಹೇಳಿದರು. ಹಳೆಯ ಅಭ್ಯಾಸ, ಅವನ ತಲೆ ಆಡಲು ಹೊರಟಿತು. ತಡೆದುಕೊಂಡ.

"ಕೇಳಿಸಲಿಲ್ಲ ಸ್ವಾಮಿ. ತಲೆ ಎತ್ತಿ ಹೇಳಿ."

ಅವರು ಪೆನ್ನು ಕೆಳಗಿಟ್ಟು ತಲೆ ಎತ್ತಿದರು. "ಇದಕ್ಕೆ ನಿನ್ನ ಮೇಲೆ ಕೇಸು ನಡೆಯುತ್ತೆ. ಜೈಲೂ ಆಗಬಹುದು. ಗೊತ್ತಾ?"

"ಗೊತ್ತು ಸ್ವಾಮಿ."

ಗಿರಾಕಿಗಳೆಲ್ಲ ಅವನನ್ನೇ ನೋಡುತ್ತಿದ್ದರು. ಡ್ರೈವರನ ತಾಯಿ ಮಾತ್ರ ಇತ್ತ ತಿರುಗಲಿಲ್ಲ. ಕಟಕಟೆಯಲ್ಲಿದ್ದ ಮಗನನ್ನು ನೋಡುತ್ತ ತುಟಿಯಲ್ಲೇ ಏನೋ ಹೇಳುತ್ತಿದ್ದಳು. ಅಲ್ಲಿದ್ದ ಯಾರಿಗೂ ಅದು ಕೇಳಿಸಲಿಲ್ಲ. ತಾಮ್ರಣ್ಣನಿಗೆ ತಿಳಿಯಿತು.

"ತಪ್ಪಾಯ್ತು ಮಗನೇ. ನಿನ್ನ ಮಾತು ನಾನು ನಂಬಲಿಲ್ಲ."