ತಲೆನೋವಿನ ಕೊಂಬೆ

ಆ ಹುಡುಗಿಗೆ ಕ್ಲಾಸಿನವರು ಇಟ್ಟ ಹೆಸರು ಫುಲ್‌ಸ್ಟಾಪ್. ಇಂಗ್ಲಿಷಿನಲ್ಲಿ ಪ್ರಬಂಧ ಬರೆಯಿರಿ ಎಂದರೆ ಒಂದು ವಾಕ್ಯ ಬರೆದು, ಚುಕ್ಕಿ ಇಟ್ಟು, ಆ ಚುಕ್ಕಿಯನ್ನೇ ನೋಡುತ್ತ ಕೂತುಬಿಡುತ್ತಿದ್ದಳು. ಮುಂದಿನ ವಾಕ್ಯ ಎಲ್ಲಿಂದ ಬರಬೇಕು ಎನ್ನುವುದೇ ಅವಳಿಗೆ ಹೊಳೆಯುತ್ತಿರಲಿಲ್ಲ. ಪರೀಕ್ಷೆ ಹತ್ತಿರವಾದಂತೆಲ್ಲ ಭಯ ಹೆಚ್ಚುತ್ತಿತ್ತು. ಇಂಗ್ಲಿಷ್ ಪೀರಿಯಡ್ಡಿನ ಗಂಟೆ ಹೊಡೆದರೆ ಸಾಕು, ಮುಂದಿನವರ ಬೆನ್ನ ಹಿಂದೆ ಬಗ್ಗಿ ಕೂರುತ್ತಿದ್ದಳು.

ಇಂಥವರಿಗೆಂದೇ ಇಂಗ್ಲಿಷ್ ಟೀಚರ್ ಮೈಂಡ್ ಮ್ಯಾಪ್ ಹೇಳಿಕೊಡುತ್ತಿದ್ದರು. ಹಾಳೆಯ ನಡುವೆ ವಿಷಯ ಬರೆದು ಸುತ್ತ ಒಂದು ವೃತ್ತ ಹಾಕಬೇಕು. ಅದರಿಂದ ಕೊಂಬೆಗಳನ್ನು ಎಳೆದು ಒಂದೊಂದರ ತುದಿಗೂ ಒಂದೊಂದು ಪದ ಬರೆಯಬೇಕು. ಆಮೇಲೆ ಆ ಪದವನ್ನು ಯಾರು, ಎಲ್ಲಿ, ಯಾವಾಗ, ಯಾಕೆ ಎಂದು ಕೆಣಕುತ್ತ ಹೋದರೆ ಚಿಕ್ಕ ಚಿಕ್ಕ ಕೊಂಬೆಗಳು ಹುಟ್ಟುತ್ತವೆ.

"ಮೊದ್ಲು ವಾಕ್ಯದ ಚಿಂತೆ ಬಿಡಿ, ಗ್ರಾಮರ್ ಚಿಂತೆ ಬಿಡಿ. ಪದ ಹಿಡ್ಕೊಳ್ಳಿ. ವಾಕ್ಯ ಬಾಲ ಅಲ್ಲಾಡಿಸ್ಕೊಂಡು ಹಿಂದೇನೇ ಬರುತ್ತೆ," ಎನ್ನುತ್ತಿದ್ದರು ಟೀಚರ್.

"ಇದು ನೋಡೋಕೆ ಜೇಡ ಇದ್ದಂಗಿದೆ ಮೇಡಂ," ಎಂದ ಹಿಂದಿನ ಬೆಂಚಿನವನೊಬ್ಬ.

"ಹೌದಪ್ಪಾ, ಜೇಡಾನೇ. ಅದ್ರಲ್ಲಿ ನಾಲ್ಕು ಮಾರ್ಕಾದ್ರೂ ಸಿಕ್ಕಿಹಾಕ್ಕೊಳ್ಳುತ್ತಾ ನೋಡೋಣ."

ಅಂದಿನ ವಿಷಯ 'ನಮ್ಮ ಮನೆಯ ಬೆಳಗು'. ವೃತ್ತ ಹಾಕಿದ ಟೀಚರ್ ಕ್ಲಾಸಿನ ಮೇಲೆ ಕಣ್ಣಾಡಿಸಿ ಫುಲ್‌ಸ್ಟಾಪ್‌ಳನ್ನೇ ಬೋರ್ಡಿನ ಹತ್ತಿರ ಕರೆದರು. ಹುಡುಗಿ ಹೇಗೋ ಎದ್ದು ಹೋಗಿ ನಿಂತಳು.

"ಬೆಳಿಗ್ಗೆ ಅಂದ ತಕ್ಷಣ ನಿಂಗೆ ನೆನಪಾಗೋ ಒಂದು ಪದ ಹೇಳು. ಕನ್ನಡದಲ್ಲೇ ಹೇಳು, ಇಂಗ್ಲಿಷ್ ನಾನು ಮಾಡ್ಕೊಡ್ತೀನಿ."

ಸೂರ್ಯ, ಹಕ್ಕಿ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಬಾಯಿಂದ ಬಿದ್ದ ಪದವೇ ಬೇರೆ.

"ತಲೆನೋವು."

ಕ್ಲಾಸೆಲ್ಲ ಗೊಳ್ಳೆಂದಿತು. ಟೀಚರ್ ನಗಲಿಲ್ಲ. "ಒಳ್ಳೇ ಪದ. ಯಾರೂ ಹೇಳದೇ ಇರೋ ಪದ," ಎಂದು ಕೊಂಬೆ ಎಳೆದು ಬರೆದರು. "ಯಾರಿಗೆ?"

"ನಂಗೆ. ಅಮ್ಮಂಗೆ. ತಮ್ಮಂಗೂ."

"ಮೂರೂ ಜನಕ್ಕೂ ಒಟ್ಟಿಗೇನಾ?"

"ಮನೇನೇ ತಲೆನೋವು ಮೇಡಂ!" ಎಂದು ಜೇಡದ ಹುಡುಗ ಬಾಯಿ ಹಾಕಿದ. ಮತ್ತೆ ನಗು.

"ಸುಮ್ನಿರೋ. ಯಾವಾಗ ಬರುತ್ತೆ?"

"ಸ್ನಾನ ಆದ್ಮೇಲೆ. ತಮ್ಮ ವಾಂತಿನೂ ಮಾಡ್ಕೋತಾನೆ. ಸ್ಕೂಲಿಗೆ ಬಂದ ಮೇಲೆ ನಂಗೆ ಹೋಗುತ್ತೆ."

ಅವಳಿಗೇ ಆಶ್ಚರ್ಯ. ಒಂದು ಪದದಿಂದ ಇಷ್ಟು ಕೊಂಬೆ! ಇಷ್ಟು ಜನರ ಎದುರು ಇಷ್ಟು ಮಾತಾಡಿದ್ದು ಇದೇ ಮೊದಲು.

"ಯಾವಾಗಿಂದ ಹೀಗೆ?"

"ಚಳಿ ಶುರುವಾದಾಗಿಂದ. ಬಚ್ಚಲಿಗೆ ಗ್ಯಾಸ್ ಗೀಸರ್ ಹಾಕಿಸಿದ್ವಲ್ಲ, ಆಮೇಲಿಂದ ಅನ್ಸುತ್ತೆ."

ಸೀಮೆಸುಣ್ಣ ನಿಂತಿತು. "ಬಚ್ಚಲ ಒಳಗೇನಾ? ಕಿಟಕಿ ಇಲ್ವಾ?"

"ಇದೆ. ಥಂಡಿ ಗಾಳಿ ನುಗ್ಗುತ್ತೆ ಅಂತ ಅಮ್ಮ ರಟ್ಟು ಬಡಿದಿದ್ದಾಳೆ."

ಟೀಚರ್ ತಿರುಗಿ ಅವಳನ್ನು ನೋಡಿದರು. ಟೀಚರ್ ಮುಖದಲ್ಲಿ ರಕ್ತವೇ ಇರಲಿಲ್ಲ. ತಾನೇನೋ ತಪ್ಪು ಹೇಳಿಬಿಟ್ಟೆ ಎಂದುಕೊಂಡಳು ಹುಡುಗಿ.

"ಅಮ್ಮ ಈಗ ಎಲ್ಲಿದ್ದಾರೆ?"

ತಾಯಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ರಾತ್ರಿ ಪಾಳಿ. ತಂದೆ ಲಾರಿ ಹತ್ತಿ ಹೋದರೆ ವಾರಗಟ್ಟಲೆ ಮನೆ ಕಡೆ ತಲೆ ಹಾಕುತ್ತಿರಲಿಲ್ಲ. "ಮನೇಲೇ ಇದ್ದಾಳೆ. ಬೆಳಿಗ್ಗೆ ಬಂದು ಮಲಗ್ತಾಳೆ, ಈ ಹೊತ್ತಿಗೆ ಎದ್ದು ತಮ್ಮಂಗೆ ಸ್ನಾನ ಮಾಡಿಸ್ತಾಳೆ," ಎಂದಳು ಹುಡುಗಿ.

"ನಂಬರ್ ಹೇಳು."

ಫೋನು ಅತ್ತ ರಿಂಗಾಯಿತು, ರಿಂಗಾಗುತ್ತಲೇ ಇತ್ತು. ಟೀಚರ್ ಮತ್ತೊಮ್ಮೆ ಮಾಡಿದರು. ಯಾರೂ ಎತ್ತಲಿಲ್ಲ. ಟೀಚರ್ ಅವಳ ಕೈ ಹಿಡಿದು ಮೆಟ್ಟಿಲಿಳಿಸಿದರು. ಕೈ ಹಿಡಿದದ್ದು ಎಷ್ಟು ಬಿಗಿಯಾಗಿತ್ತೆಂದರೆ ಬೆರಳು ನೋಯುತ್ತಿದ್ದವು.

"ಏನಾಯ್ತು ಮೇಡಂ?"

"ಏನೂ ಆಗಿರಲ್ಲ. ದಾರಿ ತೋರ್ಸು."

ಸ್ಕೂಟರಿನ ಹಿಂದೆ ಕೂತವಳಿಗೆ ಆ 'ಏನೂ ಆಗಿರಲ್ಲ' ಎಂಬ ಮಾತೇ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು. ಸಿಗ್ನಲ್ಲಿನ ಕೆಂಪು ದೀಪ ಹಸಿರಾಗುವ ಲಕ್ಷಣವೇ ಕಾಣಲಿಲ್ಲ. ಬೆಳಿಗ್ಗೆ ತಮ್ಮ, ತಾನೂ ಸ್ಕೂಲಿಗೆ ಬರುತ್ತೇನೆ, ಶೂ ಹಾಕಿಕೊಡು ಎಂದು ಗೋಗರೆದಾಗ ಟೈಮಿಲ್ಲ ಎಂದು ಗದರಿ ಬಂದಿದ್ದಳು. ಅದೇ ಕಣ್ಣೆದುರು ಬರುತ್ತಿತ್ತು.

ಮನೆಯಿದ್ದದ್ದು ಸೈಕಲ್ ರಿಪೇರಿ ಅಂಗಡಿಯ ಮೇಲೆ. ಬಾಗಿಲಿಗೆ ಒಳಗಿಂದ ಚಿಲಕ. ಬಡಿದರೂ ಉತ್ತರವಿಲ್ಲ. ಬಾಗಿಲಿಗೆ ಕಿವಿಯಿಟ್ಟರೆ ನೀರು ಸುರಿಯುವ ಸದ್ದು ಮಾತ್ರ.

"ಅಮ್ಮಾ! ಅಮ್ಮಾ!" ಎಂದು ಕೂಗಿದಳು.

ಸದ್ದು ಕೇಳಿ ಸೈಕಲ್ ಅಂಗಡಿಯವನು ಸಲಾಕೆ ಹಿಡಿದೇ ಮೇಲೆ ಬಂದ. "ತಡಿರಿ, ತಡಿರಿ," ಎನ್ನುತ್ತ ಬಾಗಿಲ ಸಂದಿಗೆ ತುರುಕಿ ಮೀಟಿದ. ಚಿಲಕ ಕಿತ್ತು ಬಂತು.

"ನೀನು ಇಲ್ಲೇ ನಿಲ್ಲು. ಒಳಗೆ ಕಾಲಿಡಬೇಡ," ಎಂದು ಟೀಚರ್ ಸೆರಗಿನಿಂದ ಮೂಗು ಮುಚ್ಚಿ ನುಗ್ಗಿದರು. ಅಂಗಡಿಯವನು ಹಿಂದೆಯೇ ಹೋಗಿ ಕಿಟಕಿಗಳನ್ನು ತೆರೆದ, ಗೀಸರ್ ನಿಲ್ಲಿಸಿದ, ರಟ್ಟು ಕಿತ್ತೆಸೆದ.

ಹುಡುಗಿ ಮೆಟ್ಟಿಲ ಕಂಬಿ ಹಿಡಿದು ನಿಂತಿದ್ದಳು. ಮೊದಲು ತಮ್ಮನನ್ನು ತಂದರು. ಮೈಯೆಲ್ಲ ಸೋಪು, ಕೈಕಾಲು ಹತ್ತಿ ತುಂಬಿದ ಗೊಂಬೆಯಂತೆ ಜೋತುಬಿದ್ದಿತ್ತು. ಆಮೇಲೆ ಇಬ್ಬರೂ ಸೇರಿ ತಾಯಿಯನ್ನು ಎಳೆದು ತಂದರು. ಬಚ್ಚಲಿನಿಂದ ಬಾಗಿಲ ಕಡೆಗೆ ತೆವಳಿ ಬರುತ್ತ ನಡುವೆಯೇ ಬಿದ್ದಿದ್ದಳಂತೆ.

"ಸತ್ತೋದ್ರಾ?" ಎಂದಳು ಹುಡುಗಿ. ಟೀಚರ್ ತಮ್ಮನ ಎದೆಗೆ ಕಿವಿಯಿಟ್ಟು ಕೇಳುತ್ತಿದ್ದರು. ಬೀದಿಯಲ್ಲಿ ಯಾರೋ ಹಾರ್ನ್ ಹೊಡೆಯುತ್ತಿದ್ದರು.

ತಮ್ಮ ಕೆಮ್ಮಿದ. ಆಮೇಲೆ ಟೀಚರ್ ಸೀರೆಯ ಮೇಲೆಯೇ ವಾಂತಿ ಮಾಡಿಕೊಂಡ.

"ಬದುಕ್ಕೊಂಡ್ಯಲ್ಲ, ಕಂದಾ. ಮಾಡ್ಕೋ, ಎಷ್ಟು ಬೇಕಾದ್ರೂ ಮಾಡ್ಕೋ," ಎಂದು ಟೀಚರ್ ಅಳತೊಡಗಿದರು.

ತಾಯಿಗೆ ಪ್ರಜ್ಞೆ ಬಂದದ್ದು ಆಸ್ಪತ್ರೆಯಲ್ಲಿ, ಆಮ್ಲಜನಕ ಕೊಟ್ಟು ಸಂಜೆಯಾದ ಮೇಲೆ. ಅಲ್ಲಿಯವರೆಗೆ ಹುಡುಗಿ ಬೆಂಚಿನಿಂದ ಏಳಲಿಲ್ಲ, ನೀರು ಕುಡಿಯಲಿಲ್ಲ. ಟೀಚರ್ ಪಕ್ಕದಲ್ಲಿ ಕೂತು ಹೇಳಿದರು. ಗಾಳಿಯಾಡದ ಕಡೆ ಗ್ಯಾಸ್ ಉರಿದರೆ ವಿಷಗಾಳಿ ಹುಟ್ಟುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಅವರ ಪಕ್ಕದ ಮನೆಯ ಹೊಸ ದಂಪತಿ ಹೀಗೆಯೇ ಹೋದರಂತೆ. ಸಾಯುವ ಮುಂಚೆ ಆಕೆ ತಲೆನೋವು ತಲೆನೋವು ಎನ್ನುತ್ತಿದ್ದಳಂತೆ.

"ನಾನು ಸೂರ್ಯ ಅಂತ ಹೇಳಿದ್ರೆ ಏನಾಗ್ತಿತ್ತು ಮೇಡಂ?"

"ಆ ಕಡೆ ಯೋಚ್ನೆ ಮಾಡ್ಬೇಡ," ಎಂದರು ಟೀಚರ್.

ಆದರೆ ಅವಳು ಮಾಡಿದಳು. ಗೀಸರನ್ನು ತಂದೆ ಬಂದು ಕಿತ್ತು ಹೊರಗೆ ಹಾಕಿಸಿದ ಮೇಲೂ ಮಾಡಿದಳು. ಪರೀಕ್ಷೆಗೆ ರೈಲು ಪ್ರಯಾಣದ ಬಗ್ಗೆ ಬರೆಯಲು ಬಂದಿತ್ತು. ಮೈಂಡ್ ಮ್ಯಾಪ್ ಹಾಕಿ, ಒಂದೂವರೆ ಪುಟ ಬರೆದು, ತಪ್ಪುಗಳ ಸಮೇತ ಪಾಸಾದಳು. ಪರೀಕ್ಷೆಯೆಂದರೆ ಈಗ ಅವಳಿಗೆ ಅಷ್ಟೇನೂ ಭಯವಿರಲಿಲ್ಲ. ಭಯ ಬೇರೆ ಕಡೆ ಹೋಗಿ ಕೂತಿತ್ತು. ದಿನಾ ಬೆಳಿಗ್ಗೆ ಸ್ಕೂಲಿಗೆ ಹೊರಡುವ ಮುಂಚೆ, ಪಾಳಿ ಮುಗಿಸಿ ಬಂದು ಮಲಗಿದ ತಾಯಿಯ ಮೂಗಿನ ಹತ್ತಿರ ಕೈ ಹಿಡಿದು ಉಸಿರು ನೋಡುತ್ತಿದ್ದಳು.

"ಇದ್ದೀನಿ ಕಣೇ, ಇನ್ನೂ ಇದ್ದೀನಿ. ನಿದ್ದೆ ಮಾಡೋಕ್ ಬಿಡು," ಎಂದು ತಾಯಿ ಕಣ್ಣು ಮುಚ್ಚಿಯೇ ರೇಗುತ್ತಿದ್ದಳು.

ಹುಡುಗಿ ಹೂಂ ಎಂದು ಕೈ ತೆಗೆಯುತ್ತಿದ್ದಳು. ತಾಯಿ ಅತ್ತ ಮಗ್ಗುಲಾದದ್ದೇ, ಹೊದಿಕೆ ಏರಿಳಿಯುವುದನ್ನು ನೋಡುತ್ತ ಮತ್ತೆ ಸ್ವಲ್ಪ ಹೊತ್ತು ಅಲ್ಲೇ ನಿಲ್ಲುತ್ತಿದ್ದಳು.