ಬೇರೆ ಎಂಜಿನ್ನಿನ ಪುಸ್ತಕ

ನಾನು ಒಂದು ಲಾರಿ ರಿಪೇರಿ ಪುಸ್ತಕ. ಹುಟ್ಟಿದ್ದು ದಾವಣಗೆರೆಯ ಒಂದು ಸಣ್ಣ ಅಚ್ಚುಕೂಟದಲ್ಲಿ. ನನಗೆ ಗೊತ್ತಿರುವುದು ಒಂದೇ ಒಂದು ಎಂಜಿನ್. ಅದರ ಮಟ್ಟಿಗೆ ತುಸು ಜಂಬವೂ ಇತ್ತು. ಮೊದಲು ಕೊಂಡ ಡ್ರೈವರ್ ನನ್ನನ್ನು ತಲೆದಿಂಬು ಮಾಡಿಕೊಂಡು ನಿದ್ದೆ ಹೊಡೆದನೇ ಹೊರತು ಒಂದು ಹಾಳೆ ತಿರುವಲಿಲ್ಲ. ಅವನ ಹೆಂಡತಿ ರದ್ದಿಗೆ ಹಾಕಿದಳು. ಹಾಗೆ ಹುಬ್ಬಳ್ಳಿಯ ಹಳೇ ಪುಸ್ತಕದ ಅಂಗಡಿ ಸೇರಿದೆ.

ಅಲ್ಲಿಗೆ ಒಂದು ದಿನ ಚನವೀರಪ್ಪ ಬಂದ. ಜೇನು ಸಾಕುವವನು. ಹೂ ಬಿಟ್ಟ ಕಡೆಗೆಲ್ಲ ಪೆಟ್ಟಿಗೆಗಳನ್ನು ಲಾರಿಯಲ್ಲಿ ಹೇರಿಕೊಂಡು ತಿರುಗುವುದೇ ಅವನ ಬದುಕು. ಗದಗದ ಕಡೆಯ ಸೂರ್ಯಕಾಂತಿ ಹೊಲದಲ್ಲಿ ಅವನ ಹಳೇ ಲಾರಿ ಕೆಟ್ಟು ಕೂತಿತ್ತು. ನಾಡಿದ್ದು ಬೆಳಿಗ್ಗೆ ಸುತ್ತಲಿನ ಹೊಲಗಳಿಗೆಲ್ಲ ಔಷಧಿ ಹೊಡೆಯುವವರಿದ್ದರು. ಅಷ್ಟರೊಳಗೆ ಪೆಟ್ಟಿಗೆ ಸಾಗಿಸದಿದ್ದರೆ ಜೇನುಹುಳು ಒಂದೂ ಉಳಿಯುವುದಿಲ್ಲ. ಊರ ಮೆಕ್ಯಾನಿಕ್ ಮದುವೆಗೆ ಹೋಗಿದ್ದ. ಜೇನು ಎಂದ ಕೂಡಲೇ ಬೇರೆ ಲಾರಿಯವರು ಕೈಮುಗಿದುಬಿಟ್ಟಿದ್ದರು. ತಾನೇ ಎಂಜಿನ್ನಿನ ಹೆಡ್ಡು ಬಿಚ್ಚಿದ್ದೇನೆ, ಸುಟ್ಟ ಗ್ಯಾಸ್ಕೆಟ್ ತೋರಿಸಿ ಅಂಥದೇ ಹೊಸದು ತಂದಿದ್ದೇನೆ, ಬೋಲ್ಟು ಎಷ್ಟು ಬಿಗಿಯಬೇಕೆಂದು ಮಾತ್ರ ಗೊತ್ತಿಲ್ಲ ಎಂದ.

ಅಂಗಡಿಯವನು ನನ್ನನ್ನೂ ಪಕ್ಕದಲ್ಲಿದ್ದ ಸಣ್ಣ ಎಂಜಿನ್ನಿನ ತೆಳ್ಳನೆಯ ಪುಸ್ತಕವನ್ನೂ ಮುಂದಿಟ್ಟ. “ಎಂಜಿನ್ ನಂಬರ್ ನೋಡ್ಕೊಂಡು ಬಂದೀರೇನ್ರಿ?”

“ಅದರ ಮ್ಯಾಲೆ ದಸರಾದ ಖಂಡೆ ಪೂಜಿ ಕುಂಕುಮ ಕಟ್ಟೈತ್ರಿ. ನಮ್ಮವ್ವ ಇದ್ದಾಗ ವರ್ಷಾ ವರ್ಷಾ ಹಚ್ಚಿದ್ದು. ಕೆರಿಯಾಕ ಮನಸ್ಸ ಬರಲಿಲ್ಲ.”

ನನ್ನ ರಟ್ಟಿನ ಮೇಲಿನ ಲಾರಿಯ ಮುಖ ಥೇಟ್ ಅವನ ಲಾರಿಯದೇ ಆಗಿತ್ತು. ನನ್ನನ್ನೇ ಎತ್ತಿಕೊಂಡ.

ಮರುದಿನ ಹೊಲದಲ್ಲಿ ಆ ಎಂಜಿನ್ ಕಂಡದ್ದೇ ನನಗೆ ತಪ್ಪು ಗೊತ್ತಾಯಿತು. ಮುಖವಷ್ಟೇ ನನ್ನ ಲಾರಿಯದು. ಒಳಗಿದ್ದುದು ಬೇರೆ, ಸಣ್ಣ ಎಂಜಿನ್. ಹಿಂದಿನ ಮಾಲೀಕ ಸದ್ದಿಲ್ಲದೆ ಬದಲಿಸಿ ಮಾರಿದ್ದ. ಕೂಗಿ ಹೇಳೋಣವೆಂದರೆ ಪುಸ್ತಕಕ್ಕೆ ಬಾಯಿ ಎಲ್ಲಿದೆ? ಅಚ್ಚಾದದ್ದನ್ನಷ್ಟೇ ಹೇಳಬಲ್ಲೆ.

ಅವನ ಹೆಂಡತಿ ಶಾಂತವ್ವ ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಓದಿದಳು. ಅವನು ಬಿಗಿತ ತೋರಿಸುವ ಮುಳ್ಳಿನ ಪಾನಾ ಹಿಡಿದು ಬಿಗಿಯುತ್ತ ಹೋದ. ಒಂದು ಕಡೆ ಕೈ ತಡೆಯಿತು.

“ಸಾಕ ಅನಸ್ತೈತಿ.”

“ಇನ್ನೂ ಬಿಗೀಬೇಕಂತ ಬರದೈತಿ,” ಎಂದಳು.

ಬಿಗಿದ. ಬೋಲ್ಟು ಒಳಗೇ ಮುರಿಯಿತು.

ಆಮೇಲೆ ಅವನು ಕುಂಕುಮ ಕೆರೆದು ನಂಬರ್ ನೋಡಿದ. ನನ್ನನ್ನು ಬೈಯಲಿಲ್ಲ; ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಮಡ್‌ಗಾರ್ಡಿಗೆ ಹಣೆ ಹಚ್ಚಿ ಬಿಕ್ಕಿ ಬಿಕ್ಕಿ ಅತ್ತ.

ಹೊತ್ತು ಮುಳುಗಿ ಹುಳು ಗೂಡು ಸೇರಿದ ಮೇಲೆ ಪೆಟ್ಟಿಗೆಗಳನ್ನು ತಲೆಯ ಮೇಲೆ ಹೊತ್ತು ಗುಡ್ಡದಾಚೆ ಸಾಗಿಸತೊಡಗಿದರು. ಹುಳು ಕೆರಳದಂತೆ ಹೊಗೆ ಹಾಕಬೇಕಿತ್ತು. ಶಾಂತವ್ವ ನನ್ನ ಹಾಳೆಗಳನ್ನೇ ಹರಿದು ಹೊಗೆಡಬ್ಬಿಗೆ ತುರುಕಿದಳು. ನನಗೆ ನೋವಾಗಲಿಲ್ಲ, ಇನ್ನಷ್ಟು ಹಾಳೆ ಇದ್ದಿದ್ದರೆ ಎನಿಸಿತು. ಬೆಳಗಾಗುವಷ್ಟರಲ್ಲಿ ಅರ್ಧ ಪೆಟ್ಟಿಗೆಯೂ ದಾಟಿರಲಿಲ್ಲ. ಉಳಿದವುಗಳ ಬಾಯಿ ಮುಚ್ಚಿ ಒದ್ದೆ ಚೀಲ ಹೊದಿಸಿದರು. ಔಷಧಿಯ ಪಂಪುಗಳು ಬಂದವು.

ಈಗ ನಾನು ಓಡದ ಲಾರಿಯ ಸೀಟಿನ ಮೇಲೆ ಎರಡು ರಟ್ಟು, ನಾಲ್ಕಾರು ಹಾಳೆಯಾಗಿ ಬಿದ್ದಿದ್ದೇನೆ. ನನ್ನೊಳಗೆ ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ, ಆದರೂ ಹೀಗಾಯಿತು. ತೆರೆದ ಬಾಗಿಲಿನಿಂದ ಹೊಲ ಕಾಣುತ್ತದೆ. ಶಾಂತವ್ವ ಚೀಲ ಸರಿಸಿ ಒಂದು ಪೆಟ್ಟಿಗೆಗೆ ಕಿವಿ ಹಚ್ಚಿದ್ದಾಳೆ.

“ಏನಾರ ಕೇಳಸ್ತೈತೇನು?” ಚನವೀರಪ್ಪ ದೂರದಲ್ಲೇ ನಿಂತು ಕೇಳಿದ.

ಅವಳು ಆ ಪೆಟ್ಟಿಗೆಗೆ ಮತ್ತೆ ಚೀಲ ಹೊದಿಸಿ ಮುಂದಿನದಕ್ಕೆ ಕಿವಿ ಹಚ್ಚಿದಳು.